ಸಹಾಯ ಬೇಕು: ವ್ಯಾಲರಂಟ್ (ಐವರ ತಂಡಗಳ ಶೂಟಿಂಗ್ ಗೇಮ್) ಲೀಗ್‌ನ ಕೆಳ ಡಿವಿಷನ್‌ಗೆ ಪಾಯಿಂಟ್ ಮಿತಿ

12 ತಂಡ, ಎರಡು ಡಿವಿಷನ್. ಆಟಗಾರನ ರ‍್ಯಾಂಕ್‌ಗೆ ತಕ್ಕ ಪಾಯಿಂಟ್: ತೀರಾ ಕೆಳಗಿನ ಐರನ್ 1ಕ್ಕೆ 1, ಆಮೇಲೆ ಮೆಟ್ಟಿಲಿಗೊಂದು ಹೆಚ್ಚು. ಹಾಗೆ ಏರಿದರೆ ಸಿಲ್ವರ್ 1ಕ್ಕೆ 7, ಗೋಲ್ಡ್ 1ಕ್ಕೆ 10, ಇಮ್ಮಾರ್ಟಲ್ 1ಕ್ಕೆ 22. ಕೆಳ ಡಿವಿಷನ್‌ನಲ್ಲಿ ಐವರ ಮೊತ್ತ 50 ದಾಟಬಾರದು ಅನ್ನೋದು ಕರಡು ನಿಯಮ.

ತೂತು ಇರೋದೇ ಇಲ್ಲಿ. ಐವರು ಗೋಲ್ಡ್ 1 ಸೇರಿದರೆ 50. ಒಬ್ಬ ಇಮ್ಮಾರ್ಟಲ್ 1, ನಾಲ್ವರು ಸಿಲ್ವರ್ 1 ಸೇರಿದರೂ 50! ಆ ಒಬ್ಬನೇ ಆಪರೇಟರ್ (ಗೇಮ್‌ನ ಸ್ನೈಪರ್ ಬಂದೂಕು) ಹಿಡಿದು ಕೂತರೆ ಎದುರಿನವರಿಗೆ ಬಾಂಬ್ ಇಡೋ ಸೈಟ್‌ಗೆ ಕಾಲಿಡೋಕೂ ಆಗಲ್ಲ. ಅದಕ್ಕೇ ತಲೆಗೆ ಗರಿಷ್ಠ 15, ಅಂದರೆ ಪ್ಲಾಟಿನಂ 3, ಅಂತ ಸೇರಿಸೋ ಯೋಚನೆ.

ಈಗಿನ ರ‍್ಯಾಂಕ್ ನಂಬೋ ಹಾಗಿಲ್ಲ, ನೋಂದಣಿಗೆ ಮುಂಚೆ ಬೇಕಂತಲೇ ಸೋತು ಇಳಿಯೋರು ಇರ್ತಾರೆ. ಕಳೆದ ಮೂರು ಆಕ್ಟ್‌ಗಳ (ಗೇಮ್‌ನ ರ‍್ಯಾಂಕ್ ಅವಧಿಗಳು) ಗರಿಷ್ಠ ರ‍್ಯಾಂಕ್ ಹಿಡೀತೀವಿ. ಸ್ಕ್ರೀನ್‌ಶಾಟ್ ಬೇಡ (ತಿದ್ದೋದು ಎರಡು ನಿಮಿಷದ ಕೆಲಸ), ಡಿಸ್ಕಾರ್ಡ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿಯೇ ತೋರಿಸಬೇಕು. ಬದಲಿ ಆಟಗಾರನ ಪಾಯಿಂಟ್ ಹೊರಹೋದವನಿಗಿಂತ ಹೆಚ್ಚಿರಬಾರದು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ಸೀಸನ್ ನಡುವೆ ಗೋಲ್ಡ್ 3 ಇದ್ದವನು ಡೈಮಂಡ್ 1ಕ್ಕೆ (16 ಪಾಯಿಂಟ್) ಏರಿದರೆ ಏನು ಮಾಡ್ತೀರಿ? ತೆಗೆದರೆ ಕಷ್ಟಪಟ್ಟು ಕಲಿತವನಿಗೇ ಶಿಕ್ಷೆ, ಬಿಟ್ಟರೆ ಸ್ಮರ್ಫ್‌ಗೆ (ಕೆಳ ರ‍್ಯಾಂಕ್ ಖಾತೆಯಲ್ಲಿ ಅವಿತು ಆಡೋ ಪಳಗಿದ ಆಟಗಾರನಿಗೆ) ದಾರಿ. ಲೀಗ್ ನಡೆಸಿರೋರು ನಿಮ್ಮ ನಿಯಮದ ಸಾಲನ್ನೇ ಇಲ್ಲಿ ಹಾಕಿ.