ಗಿಬ್ ರಿವರ್ ರೋಡಿಗೆ ಸಣ್ಣ ಕ್ಯಾಂಪರ್ ಟ್ರೇಲರ್ ರೆಡಿ ಮಾಡ್ಬೇಕು, ಮೊದ್ಲು ಎಲ್ಲಿಗೆ ದುಡ್ಡು ಹಾಕ್ಲಿ?

ಪರ್ತ್_ನಿವಾಸಿ:
ಎಲ್ರಿಗೂ ನಮಸ್ಕಾರ. ಪರ್ತ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಟ್ರೇಲರ್ ಒಂದು ತಗೊಂಡಿದೀನಿ, ಪ್ಲೇಟ್ ಮೇಲೆ ಎಟಿಎಂ (ಸಾಮಾನೆಲ್ಲಾ ತುಂಬಿದ ಮೇಲೆ ಟ್ರೇಲರ್ ಇರಬಹುದಾದ ಗರಿಷ್ಠ ತೂಕ) 1400 ಕೆಜಿ, ಖಾಲಿ ತೂಕ 950. ಎಳೆಯೋದು ಟೊಯೋಟಾ ಪ್ರಾಡೊ ಕಾರು. ಮುಂದಿನ ಜೂನ್ ಜುಲೈ ಹೊತ್ತಿಗೆ ಮನೆಯವ್ಳು ಮಕ್ಕಳನ್ನ ಕರ್ಕೊಂಡು ಡರ್ಬಿ ಕಡೆಯಿಂದ ಕುನುನುರಾ ಕಡೆಗೆ ಪಶ್ಚಿಮ ಆಸ್ಟ್ರೇಲಿಯಾದ ಉತ್ತರದಲ್ಲಿರೋ ಈ ಗಿಬ್ ರೋಡ್ ಪೂರ್ತಿ ಮಾಡ್ಬೇಕು ಅಂತ ಬಹಳ ಆಸೆ, ಸುಮಾರು 660 ಕಿಮೀ, ಬಹುಪಾಲು ಮಣ್ಣು ರೋಡು. ಆದ್ರೆ ಈ ಗಾಡಿ ಟಾರ್ ರೋಡಿಗೆ ಅಂತ ಮಾಡಿರೋದು, 14 ಇಂಚು ಚಕ್ರ, ಲೀಫ್ ಸ್ಪ್ರಿಂಗ್ ಆಕ್ಸಲ್ ಕೆಳಗಿದೆ, ಶಾಕ್ ಅಬ್ಸಾರ್ಬರ್ ಇಲ್ವೇ ಇಲ್ಲ, ಕಾರಿಗೆ ಸಿಕ್ಕಿಸೋಕೆ ಮಾಮೂಲಿ 50 ಎಂಎಂ ಬಾಲು. ಲಿಫ್ಟ್ ಮಾಡ್ಸಿ ಆಫ್‌ರೋಡ್ ಕಪ್ಲಿಂಗ್ (ಕಾರಿಗೆ ಸಿಕ್ಕಿಸೋ ಕೊಂಡಿ) ಹಾಕ್ಸಿದ್ರೆ ಸಾಕಾ? ಬಜೆಟ್ ಜಾಸ್ತಿ ಇಲ್ಲ.

ಹಾಸನದ_ಹೈದ:
ಸಾರ್, ಲಿಫ್ಟು ಆಮೇಲೆ, ಮೊದ್ಲು ತೂಕ. 1400ರಲ್ಲಿ 950 ಕಳೆದ್ರೆ ನಿಮ್ಗೆ ಉಳಿಯೋದು 450 ಕೆಜಿ. 80 ಲೀಟರ್ ನೀರು ತುಂಬಿದ್ರೆ 80 ಕೆಜಿ ಅಲ್ಲೇ ಹೋಯ್ತು, ಆಮೇಲೆ ಡೀಸೆಲ್ ಕ್ಯಾನು, ಫ್ರಿಜ್ಜು, ಗ್ಯಾಸು, ಟೆಂಟು, ನೀವು ಹಾಕ್ಸೋ ದೊಡ್ಡ ಚಕ್ರ ಎಲ್ಲಾ ಅದ್ರೊಳಗೇ ಬರ್ಬೇಕು. ಸ್ಪ್ರಿಂಗ್ ಗಟ್ಟಿ ಹಾಕ್ಸಿದ ಮಾತ್ರಕ್ಕೆ ಎಟಿಎಂ ಏರಲ್ಲ. ತುಂಬಿಸಿದ ಗಾಡೀನ ಒಂದ್ಸಲ ವೇಬ್ರಿಡ್ಜ್ ಮೇಲೆ ನಿಲ್ಸಿ ನೋಡಿ, ಬಾಲ್ ಮೇಲೆ ಒಟ್ಟು ತೂಕದ 10 ಪರ್ಸೆಂಟ್ ಆಸುಪಾಸು ಬೀಳ್ಬೇಕು. ಸ್ಟೆಪ್ನಿ, ಕ್ಯಾನು ಎಲ್ಲಾ ಹಿಂದ್ಗಡೆಗೇ ನೇತಾಕಿದ್ರೆ ಮೂತಿ ಹಗುರ ಆಗಿ ಹೈವೇಲಿ ಟ್ರೇಲರ್ ಆಕಡೆ ಈಕಡೆ ತೂಗಕ್ಕೆ ಶುರು ಮಾಡತ್ತೆ, ಅದು ನಿಜವಾಗ್ಲೂ ಅಪಾಯ.

ದುಡ್ಡು ಹಾಕೋದಾದ್ರೆ ಶಾಕ್ ಅಬ್ಸಾರ್ಬರ್‌ಗೆ ಮತ್ತೆ ಚಕ್ರಕ್ಕೆ ಹಾಕಿ. ಗಿಬ್‌ನಲ್ಲಿ ಗಾಡಿ ಮುರಿಯೋದು ಕೊರುಗೇಷನ್ನಿಂದ, ಅಂದ್ರೆ ಮಣ್ಣು ರೋಡಲ್ಲಿ ಸಾಲುಸಾಲಾಗಿ ಏಳೋ ಸಣ್ಣ ದಿಬ್ಬಗಳಿಂದ, ಗಂಟೆಗಟ್ಲೆ ಜಿಂಕ್ ಶೀಟ್ ಮೇಲೆ ಓಡಿಸಿದ ಹಾಗಿರತ್ತೆ. ಶಾಕ್ ಇಲ್ದಿದ್ರೆ ಆ ಏಟೆಲ್ಲಾ ಲೀಫಿಗೆ, ಶ್ಯಾಕಲ್ ಬೋಲ್ಟಿಗೆ, ಛಾಸಿ ವೆಲ್ಡಿಂಗಿಗೆ ಹೋಗತ್ತೆ. ಚಕ್ರ ಪ್ರಾಡೊದ್ದೇ ಸೈಜ್ ಹಾಕ್ಸಿ, 6 ಸ್ಟಡ್ 139.7 ಹಬ್ (139.7 ಎಂಎಂ ವೃತ್ತದಲ್ಲಿ 6 ಬೋಲ್ಟ್), ಆಗ ಕಾರಿನ ಸ್ಟೆಪ್ನಿ ಟ್ರೇಲರಿಗೂ ಆಗತ್ತೆ. ಆ ಸೈಜು ಈಗಿನ ಗಾರ್ಡ್ ಕೆಳಗೆ ಹಿಡಿಯಲ್ಲ, ಅದಕ್ಕೋಸ್ಕರ ಲೀಫ್‌ನ ಆಕ್ಸಲ್ ಮೇಲೆ ತರ್ಬೇಕಾಗತ್ತೆ, ಆಕ್ಸಲ್ ದಪ್ಪ ಪ್ಲಸ್ ಲೀಫ್ ದಪ್ಪ ಅಂದ್ರೆ ಹತ್ತಿರತ್ತಿರ 90 ಎಂಎಂ ಏರತ್ತೆ. ಆಕ್ಸಲ್ಲನ್ನೇ ಉಲ್ಟಾ ತಿರುಗ್ಸಿ ಕೂರ್ಸಕ್ಕೆ ಬಿಡಬೇಡಿ, ಕೆಲವಕ್ಕೆ ಸ್ವಲ್ಪ ಬಾಗು ಕೊಟ್ಟಿರ್ತಾರೆ. ಲೀಫ್ ಕೂರೋ ಹೊಸ ಪ್ಯಾಡ್ ವೆಲ್ಡ್ ಮಾಡ್ಸಿ, ಯು ಬೋಲ್ಟ್ ಹೊಸಾದೇ ಹಾಕ್ಸಿ. ಬ್ರೇಕೂ ನೋಡ್ಸಿ, ಚಕ್ರ ದೊಡ್ಡದಾದಷ್ಟೂ ಅದೇ ಡ್ರಮ್ಮಿನ ಹಿಡಿತ ಕಮ್ಮಿ ಆಗತ್ತೆ.

ಕಪ್ಲಿಂಗ್ ಈ ರೋಡಿಗೆ ಅರ್ಜೆಂಟ್ ಇಲ್ಲ. ಅದು ಗಾಡಿ ಅಡ್ಡಡ್ಡ ತಿರುಚ್ಕೊಳ್ಳೋ ಜಾಗಕ್ಕೆ ಬೇಕಾಗೋದು.

ಅಡಿಲೇಡ್_ಅಕ್ಕ:
ಧೂಳಿನ ಬಗ್ಗೆ ಯಾರೂ ಹೇಳ್ಲಿಲ್ವಲ್ಲ! ಆ ಕೆಂಪು ಮಣ್ಣು ಗೋಧಿ ಹಿಟ್ಟಿಗಿಂತ ನುಣ್ಣಗಿರತ್ತೆ ತಮ್ಮಾ, ಹಿಂದಿನ ಬಾಗ್ಲಿಂದ ಹೀರ್ಕೊಂಡು ಒಳಗೆ ಬಂದ್ಬಿಡತ್ತೆ. ಹೊರಡೋ ಮುಂಚೆ ರಬ್ಬರ್ ಸೀಲಿಗೆ ಸುತ್ತ ಚಾಕ್‌ಪೀಸ್ ಚೆನ್ನಾಗಿ ಉಜ್ಜಿ ಬಾಗ್ಲು ಹಾಕಿ ತೆಗೀರಿ, ಎಲ್ಲಿ ಬಿಳಿ ಗೆರೆ ಅಂಟಿಲ್ವೋ ಅಲ್ಲೇ ಸಂದಿ ಇದೆ ಅಂತ ಲೆಕ್ಕ. ಮೇಲ್ಗಡೆ ಮುಂದಕ್ಕೆ ಮುಖ ಮಾಡಿರೋ ಫಿಲ್ಟರ್ ವೆಂಟ್ ಒಂದು ಹಾಕ್ಸಿದ್ರೆ ಓಡೋವಾಗ ಒಳಗೆ ಗಾಳಿ ಒತ್ತಡ ಜಾಸ್ತಿ ಇರತ್ತೆ, ಧೂಳು ನುಗ್ಗೋದು ಕಮ್ಮಿ.

ಸ್ಟೀಲ್ ಡಬ್ಬಿಗಳನ್ನ ಒಂದಕ್ಕೊಂದು ತಾಗೋ ಹಾಗೆ ಇಡಬೇಡಿ, ಸಂಜೆ ಹೊತ್ತಿಗೆ ಉಜ್ಜುಜ್ಜಿ ಕಪ್ಪು ಪುಡಿ ಬಂದಿರತ್ತೆ. ಕೂಲ್‌ಡ್ರಿಂಕ್ ಕ್ಯಾನುಗಳಂತೂ ತೂತೇ ಬೀಳ್ತವೆ. ಹಳೇ ಟವಲ್ ಸುತ್ತಿ ಬಿಗಿಯಾಗಿ ತುರುಕಿ. ಸಣ್ಣ ಕುಕ್ಕರ್ ತಗೊಂಡೋಗಿ, ಗ್ಯಾಸ್ ಎಷ್ಟೋ ಉಳಿಯತ್ತೆ.

ತಂತಿ_ರಾಜ:
ಫ್ರಿಜ್ಜಿಗೆ ದಿನಕ್ಕೆ 30ರಿಂದ 50 ಆಂಪ್ ಅವರ್ ಹಿಡ್ಕೊಳಿ, 100 ಆಂಪ್ ಅವರ್ ಲಿಥಿಯಂ ಒಂದಿದ್ರೆ ಸಾಕು, ಎಜಿಎಂಗಿಂತ (ಸೀಲ್ ಮಾಡಿದ ಸೀಸದ ಬ್ಯಾಟ್ರಿ) ಅರ್ಧಕ್ಕೂ ಕಮ್ಮಿ ತೂಕ. ಕಾರಿಂದ ಟ್ರೇಲರಿಗೆ ಕರೆಂಟ್ ಕೊಡೋ ಆಂಡರ್ಸನ್ ಪ್ಲಗ್‌ವರ್ಗೂ ದಪ್ಪ ಕೇಬಲ್ ಎಳೀರಿ, ತೆಳ್ಳಗಿದ್ರೆ ಹಿಂದಕ್ಕೆ ತಲುಪೋ ಹೊತ್ತಿಗೆ ವೋಲ್ಟೇಜ್ ಬಿದ್ದಿರತ್ತೆ, ಡಿಸಿ ಡಿಸಿ ಚಾರ್ಜರ್ (ಕಾರಿನ ಕರೆಂಟಿಂದ ಈ ಬ್ಯಾಟ್ರಿ ಚಾರ್ಜ್ ಮಾಡೋದು) ಟ್ರೇಲರ್ ಒಳಗೇ ಬ್ಯಾಟ್ರಿ ಪಕ್ಕ ಇರ್ಲಿ.

ಪರ್ತ್_ನಿವಾಸಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಕಪ್ಲಿಂಗ್ ದುಡ್ಡು ಶಾಕಿಗೆ ಹಾಕ್ತೀನಿ. ಟೈರ್ ಪ್ರೆಶರ್ ಎಷ್ಟಿಡ್ಲಿ? ಗಿಬ್‌ನಿಂದ ಉತ್ತರಕ್ಕೆ ಒಳಗೆ ಹೋದ್ರೆ ಸಿಗೋ ಜಲಪಾತ ಮಿಚೆಲ್ ಫಾಲ್ಸ್‌ಗೂ ಟ್ರೇಲರ್ ಎಳ್ಕೊಂಡು ಹೋಗ್ಬೋದಾ?

ಹಾಸನದ_ಹೈದ:
ಮಣ್ಣಿಗೆ ಇಳಿದ ತಕ್ಷಣ ಟ್ರೇಲರ್ ಟೈರ್ 25 ಪಿಎಸ್‌ಐ ಆಸುಪಾಸಿಗೆ ಇಳ್ಸಿ, ಸ್ಪೀಡೂ ಇಳ್ಸಿ, ಟಾರ್ ಸಿಕ್ಕಿದ ಮೇಲೆ ಮತ್ತೆ ತುಂಬ್ಸಿ. ನಿಂತಾಗೆಲ್ಲಾ ಹಬ್‌ಗೆ ಅಂಗೈ ಹಿಂಭಾಗ ತಾಗ್ಸಿ ನೋಡಿ, ಒಂದು ಕಡೆ ಮಾತ್ರ ಸುಡ್ತಿದ್ರೆ ಬೇರಿಂಗೋ ಬ್ರೇಕೋ ಹೋಗ್ತಿದೆ ಅಂತ ಅರ್ಥ. ಬೇರಿಂಗ್ ಸೆಟ್, ಗ್ರೀಸ್, ಒಂದು ಜೊತೆ ಯು ಬೋಲ್ಟ್ ಜೊತೆಗಿರ್ಲಿ. ಮಿಚೆಲ್ ಫಾಲ್ಸ್ ದಾರಿ ಗಿಬ್‌ಗಿಂತ ಬಹಳ ಕೆಟ್ಟದು, ಟ್ರೇಲರ್‌ನ ಡ್ರೈಸ್‌ಡೇಲ್ ರಿವರ್ ಅನ್ನೋ ದನದ ಫಾರ್ಮ್ ಸ್ಟೇಷನ್‌ನಲ್ಲಿ ಬಿಟ್ಟು ಟೆಂಟ್ ತಗೊಂಡು ಬರೀ ಕಾರಲ್ಲಿ ಹೋಗಿ, ಎಷ್ಟೋ ಜನ ಹಾಗೇ ಮಾಡೋದು.