ಹಳೆಯ ಸಿಂಗರ್ ಹೊಲಿಗೆ ಯಂತ್ರದ ಚಕ್ರ ಬಿಗಿದುಕೊಂಡಿದೆ: ಶುಚಿಗೊಳಿಸುವುದು ಹೇಗೆ?

ಪ್ರಶ್ನೆ (ಕಾರವಾರ)

ನಮಸ್ಕಾರ. ಕಾಜುಬಾಗದಲ್ಲಿರುವ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅಜ್ಜಿ ಬಳಸುತ್ತಿದ್ದ ಕೈಚಾಲಿತ ಸಿಂಗರ್ ಯಂತ್ರವಿದೆ. ಅದರ ಮೇಲಿನ ಸಂಖ್ಯೆ ‘ವೈ’ ಅಕ್ಷರದಿಂದ ಆರಂಭವಾಗುತ್ತದೆ. ಚಕ್ರವು ಸ್ವಲ್ಪ ಅಲುಗಿ ಅಲ್ಲಿಯೇ ನಿಲ್ಲುತ್ತದೆ. ಯಂತ್ರವನ್ನು ಮಗುಚಿ ನೋಡಿದರೆ, ಕೆಳಗಿನ ಕೀಲುಗಳಲ್ಲೆಲ್ಲ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕುಳಿತಿದೆ. ಮನೆಯಲ್ಲಿ ಅದಕ್ಕೆ ತೆಂಗಿನೆಣ್ಣೆಯನ್ನೇ ಬಿಡುತ್ತಿದ್ದರಂತೆ. ಸಮುದ್ರದ ಗಾಳಿಗೆ ಸೂಜಿಯ ದಂಡ ಮತ್ತು ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ತುಕ್ಕು ಹಿಡಿದಿವೆ. ಚಿನ್ನದ ಬಣ್ಣದ ಹೂಬಳ್ಳಿ ಮಾತ್ರ ಮಸುಕಾಗಿದ್ದರೂ ಉಳಿದಿದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಎಲ್ಲವನ್ನೂ ಉಜ್ಜಿ ಹೊಸ ಬಣ್ಣ ಹೊಡೆಸುವಂತೆ ಸೂಚಿಸಿದ್ದಾರೆ. ಯಂತ್ರ ಬಿಚ್ಚಿದ ಅನುಭವ ನನಗಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಶಿರಸಿ, ಹೊಲಿಗೆ ವೃತ್ತಿ)

ತಾವು ಬರೆದದ್ದನ್ನು ನೋಡಿದರೆ ಯಂತ್ರ ಕೆಟ್ಟಿಲ್ಲ, ಎಣ್ಣೆ ಅಂಟಾಗಿ ಬಿಗಿದುಕೊಂಡಿದೆ ಅಷ್ಟೆ. ನಮ್ಮ ಜಿಲ್ಲೆಯಲ್ಲಿ ಬಾಗಿಲಿನ ಬಿಜಾಗರಿಯಿಂದ ಮಶೀನಿನವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆ ಬಿಡುವ ರೂಢಿಯಿದೆ. ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಶಿರಸಿಯ ಚಳಿಗಾಲದಲ್ಲಿ ಬೆಳಿಗ್ಗೆ ಬಾಟಲಿಯಿಂದಲೇ ಹೊರಬರುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ದೂಳು ಮತ್ತು ನೂಲಿನ ಎಳೆಗಳೊಡನೆ ಬೆರೆತು ಗಟ್ಟಿಯಾಗುತ್ತದೆ.

ಮೊದಲು ಸೂಜಿಯನ್ನು ತೆಗೆದು, ಕೆಳಗಿನ ಜಾರುತಟ್ಟೆಯನ್ನು ಸರಿಸಿ, ಶಟಲ್ (ಕೆಳನೂಲಿನ ಬಾಬಿನ್ ಹಿಡಿದಿರುವ ಭಾಗ) ಓಡಾಡುವ ಜಾಗದಲ್ಲಿ ನೂಲು ಸುತ್ತಿಕೊಂಡಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಎಷ್ಟೋ ಸಲ ಚಕ್ರವನ್ನು ತಡೆಯುವುದು ಅಂಥ ಒಂದು ತುಂಡು ನೂಲೇ. ನೂಲಿಲ್ಲವೆಂದಾದರೆ, ಎಣ್ಣೆ ಬಿಡುವ ಪ್ರತಿಯೊಂದು ರಂಧ್ರಕ್ಕೂ, ಲೋಹಕ್ಕೆ ಲೋಹ ತಾಗಿ ಚಲಿಸುವ ಪ್ರತಿಯೊಂದು ಸಂದಿಗೂ ಎರಡೆರಡು ಹನಿ ಚಿಮಣಿ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಈ ಕೆಲಸವನ್ನು ಒಲೆಯಿಂದ ದೂರ, ಗಾಳಿಯಾಡುವ ಜಗುಲಿಯಲ್ಲಿ ಮಾಡಿ. ಮರುದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ. ಅದು ನಿಲ್ಲುವಲ್ಲಿ ಬಲ ಹಾಕದೆ, ಆ ಕೀಲಿಗೆ ಇನ್ನೊಂದು ಹನಿ ಬಿಡಿ. ಕರಗಿದ ಕಪ್ಪು ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಬಟ್ಟೆಯಿಂದ ಒರೆಸಿ. ಇಕ್ಕಳ ಮತ್ತು ಸುತ್ತಿಗೆ ಬೇಡವೇ ಬೇಡ, ಎರಕದ ಭಾಗ ಮುರಿದರೆ ಮತ್ತೆ ಕೂಡುವುದಿಲ್ಲ.

ಚಿಮಣಿ ಎಣ್ಣೆ ಕೊಳೆಯನ್ನು ಬಿಡಿಸುತ್ತದೆಯೇ ಹೊರತು ಸವೆತವನ್ನು ತಡೆಯುವುದಿಲ್ಲ. ಆದ್ದರಿಂದ ಚಕ್ರ ಸಲೀಸಾಗಿ ತಿರುಗಿದ ಕೂಡಲೇ ಎಲ್ಲ ಕಡೆಗೂ ಹೊಲಿಗೆ ಯಂತ್ರದ್ದೇ ಎಣ್ಣೆಯನ್ನು ಬಿಡಬೇಕು. ಆ ಎಣ್ಣೆ ಹಾಕದೆ ಹಾಗೆಯೇ ಇಟ್ಟರೆ ಕರಾವಳಿಯ ಹವೆಗೆ ಮತ್ತೆ ತುಕ್ಕು ಬರಲು ತಡವಾಗದು.

ಉತ್ತರ 2 (ಕುಮಟಾ)

ಬಣ್ಣ ಹೊಡೆಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ‘ವೈ’ ಸರಣಿಯ ಯಂತ್ರಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆಯಲ್ಲಿ 1920ರ ದಶಕದ ಆರಂಭದಿಂದ 1930ರ ದಶಕದ ನಡುವಿನವರೆಗೆ ತಯಾರಾದವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆ ಹೂಬಳ್ಳಿಯನ್ನು ಉಜ್ಜಿ ತೆಗೆದ ಮೇಲೆ ಹೊಸ ಬಣ್ಣ ಎಷ್ಟೇ ಹೊಳೆದರೂ ಯಂತ್ರದ ಬೆಲೆಯೂ ಅಂದವೂ ಇಳಿಯುತ್ತವೆ.

ಹೂಬಳ್ಳಿಯ ಮೇಲಿರುವುದು ಅರಗಿನ ತೆಳು ಲೇಪ. ಅದು ಸ್ಪಿರಿಟ್ಟಿಗೆ ಕರಗುತ್ತದೆ. ಆದುದರಿಂದ ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್ ಯಾವುದನ್ನೂ ಅದರ ಹತ್ತಿರ ತರಬೇಡಿ. ಹತ್ತಿಗೆ ಯಂತ್ರದ ಎಣ್ಣೆಯನ್ನೇ ಹಾಕಿ, ಮೊದಲು ಹಿಂಬದಿಯ ಒಂದು ಮೂಲೆಯಲ್ಲಿ ಒರೆಸಿ ನೋಡಿ. ಹತ್ತಿಗೆ ಬರಿಯ ಕಂದು ಕೊಳೆ ಬಂದರೆ ಮುಂದುವರಿಸಬಹುದು, ಚಿನ್ನದ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ತುಕ್ಕಿಗೆ ಅತಿ ನಯವಾದ ಸ್ಟೀಲ್ ವುಲ್ ಸಾಕು. ಅದನ್ನು ಎಣ್ಣೆಯಲ್ಲಿ ಅದ್ದಿ, ಬಣ್ಣವಿಲ್ಲದ ಉಕ್ಕಿನ ಭಾಗಗಳಿಗೆ ಮಾತ್ರ ಬಳಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಚಕ್ರ ಈಗ ಸರಾಗವಾಗಿ ತಿರುಗುತ್ತಿದೆ. ಚಕ್ರದ ನಡುವಿನ ದುಂಡು ಸ್ಕ್ರೂವನ್ನು ಬಿಚ್ಚಿ, ಒಳಗೆ ಒರೆಸಿ, ಮತ್ತೆ ಕೂಡಿಸಿದ್ದೇನೆ. ಆದರೆ ಬಾಬಿನ್‌ಗೆ ನೂಲು ಸುತ್ತಲು ಆ ಸ್ಕ್ರೂವನ್ನು ಸಡಿಲಿಸಿದರೂ, ನಿಲ್ಲಬೇಕಾದ ಸೂಜಿಯ ದಂಡ ಚಲಿಸುತ್ತಲೇ ಇರುತ್ತದೆ. ಇದಕ್ಕೇನು ಕಾರಣ?

ಉತ್ತರ 1 (ಶಿರಸಿ)

ಆ ಸ್ಕ್ರೂವಿನ ಹಿಂದೆ, ಹೊರ ಅಂಚಿನಲ್ಲಿ ಮೂರು ಕಿವಿಗಳಿರುವ ಒಂದು ವಾಷರ್ ಇರುತ್ತದೆ. ಅದನ್ನು ತಿರುಗುಮುರುಗಾಗಿ ಕೂರಿಸಿದರೆ ಹೀಗಾಗುತ್ತದೆ. ದುಂಡು ಸ್ಕ್ರೂವಿನ ಮೇಲಿರುವ ಚಿಕ್ಕ ಸ್ಕ್ರೂವನ್ನು ಮೊದಲು ಸಡಿಲಿಸಿ (ಅದು ಬಹಳ ಸಣ್ಣದು, ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಳ್ಳಿ), ವಾಷರನ್ನು ಹೊರತೆಗೆದು, ಒಳಬದಿಯ ಎರಡು ಪುಟ್ಟ ಕಿವಿಗಳು ತಮ್ಮ ಕಡೆಗೆ ಬಾಗಿರುವಂತೆ ಹಿಡಿದು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಅದರಿಂದಲೂ ಆಗದಿದ್ದರೆ ಚಕ್ರದ ಒಳತೂತಿನಲ್ಲಿ ಅಂಟು ಇನ್ನೂ ಉಳಿದಿದೆಯೆಂದೇ ಅರ್ಥ; ಚಕ್ರವನ್ನೇ ಹೊರಗೆಳೆದು, ಅದು ಕೂರುವ ದಂಡವನ್ನು ಒರೆಸಿ ಒಂದು ಹನಿ ಎಣ್ಣೆ ಬಿಡಿ.

ಹೊಸ ಸೂಜಿ ಹಾಕುವಾಗ, ಉದ್ದನೆಯ ಗೀರು ಇರುವ ಬದಿಯಿಂದ ನೂಲು ಪೋಣಿಸಬೇಕು. ಸೂಜಿಯ ಮೇಲಿನ ಕೊನೆಯ ನೂಲುಕೊಕ್ಕೆ ಯಾವ ಬದಿಗಿದೆಯೋ ಆ ಬದಿಗೇ ಗೀರು ಬರಲಿ. ಮೊದಲ ಹೊಲಿಗೆಯನ್ನು ಹಳೆಯ ಪಂಚೆಯ ತುಂಡಿನ ಮೇಲೆ ಹಾಕಿ, ಒಳಗೆ ಉಳಿದ ಎಣ್ಣೆ ಬಟ್ಟೆಗೆ ಇಳಿಯುವುದು ನಿಂತ ಮೇಲೆ ಬೇಕಾದುದನ್ನು ಹೊಲಿಯಬಹುದು.