ಲಕ್ವದ ಎರಡು ಬಗೆಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಊರಿನ ಆರೋಗ್ಯ ಕೇಂದ್ರದ ಗೋಡೆಗೆ ಸ್ಟ್ರೋಕ್ ಬಗ್ಗೆ ಒಂದು ಪೋಸ್ಟರ್ ಬರೆದುಕೊಡುತ್ತಿದ್ದೇನೆ. ಮೂರನೇ ಸಾಲಿಗೇ ಪೆನ್ನು ನಿಂತಿದೆ.

ನಮ್ಮ ಕಡೆ ಎಲ್ಲರೂ ಹೇಳುವುದು ‘ಲಕ್ವ ಹೊಡೆಯಿತು’ ಅಂತ. ಪೇಪರಿನಲ್ಲಿ ‘ಪಾರ್ಶ್ವವಾಯು’. ಪಾರ್ಶ್ವ ಅಂದರೆ ಮೈಯ ಒಂದು ಮಗ್ಗುಲು, ವಾಯು ಅಂದರೆ ಆಯುರ್ವೇದದ ವಾತ. ಲಕ್ವ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದು ಮುಖ ಸೊಟ್ಟಗಾಗುವ ಕಾಯಿಲೆಯ ಹೆಸರು. ಎರಡೂ ಕಣ್ಣಿಗೆ ಕಾಣುವ ಕೈ, ಕಾಲು, ಬಾಯಿಯನ್ನೇ ಹೇಳುತ್ತವೆ. ಕೆಟ್ಟಿರುವುದು ಮೆದುಳಲ್ಲಿ ಅನ್ನುವುದು ಎರಡರಲ್ಲೂ ಇಲ್ಲ.

ನಮ್ಮ ದೊಡ್ಡಮ್ಮ ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಿದರು, ಲೋಟ ಬಲಗೈಯಿಂದ ಜಾರಿ ಬಿತ್ತು. ಮಾತು ತೊದಲಿತು. ‘ಲಕ್ವ, ಕೈ ಹಿಡಿದುಕೊಂಡಿದೆ’ ಅಂದರು ಮನೆಯವರು. ಎಣ್ಣೆ ಬಿಸಿ ಮಾಡಿ ಕೈ ತಿಕ್ಕುತ್ತಾ ಕೂತರು. ಆಸ್ಪತ್ರೆ ಸೇರುವ ಹೊತ್ತಿಗೆ ಸಂಜೆ. ಡಾಕ್ಟರು ಮೊದಲು ಕೇಳಿದ್ದು, ‘ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಮೀರಿತ್ತು. ಕೈಯನ್ನು ಹೇಳುವ ಪದ ಕೈಯನ್ನೇ ತಿಕ್ಕಿಸಿತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಈಗ ನನ್ನ ತೊಡಕು. ಸ್ಟ್ರೋಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪಿನಿಂದ ಕಟ್ಟಿಕೊಳ್ಳುತ್ತದೆ. ಜಾಸ್ತಿ ಜನಕ್ಕೆ ಆಗುವುದು ಇದೇ. ಇನ್ನೊಂದರಲ್ಲಿ ನಾಳ ಒಡೆದು ರಕ್ತ ಸೋರುತ್ತದೆ. ಮೊದಲನೆಯದಕ್ಕೆ ಆ ಇಂಜೆಕ್ಷನ್. ದೊಡ್ಡ ನಾಳ ಕಟ್ಟಿದ್ದರೆ ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದು. ಎರಡನೆಯದರಲ್ಲಿ ಅದೇ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಅಪಾಯ. ಅಲ್ಲಿ ಬಿಪಿ ಇಳಿಸಬೇಕು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಕೆಲಸ ತಡೆಯಬೇಕು, ಕೆಲವೊಮ್ಮೆ ಆಪರೇಷನ್. ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಸ್ಕ್ಯಾನ್ ಮಾಡಿದರೇ ಗೊತ್ತಾಗುವುದು. ಮನೆಯಲ್ಲೇ ರಕ್ತ ತೆಳು ಮಾಡುವ ಆಸ್ಪಿರಿನ್ ಮಾತ್ರೆ ನುಂಗಿಸಬೇಡಿ ಅನ್ನುವುದೂ ಅದಕ್ಕೇ.

ಆಡುಮಾತಿನಲ್ಲಿ ನಾವು ಎರಡಕ್ಕೂ ‘ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ’ ಅಂದುಬಿಡುತ್ತೇವೆ. ಹಾಲು ಹೆಪ್ಪಾದ ಹಾಗೆ ನಾಳದೊಳಗೆ ರಕ್ತ ಗಟ್ಟಿಯಾದರೂ ಅದೇ ಮಾತು, ನಾಳ ಒಡೆದೋ ಬೈಕಿಂದ ಬಿದ್ದೋ ತಲೆಯೊಳಗೆ ಸೋರಿದ ರಕ್ತ ಗಟ್ಟಿಯಾದರೂ ಅದೇ ಮಾತು. ‘ನರ ಒಡೆದಿದೆ’ ಅನ್ನೋಣವೆಂದರೆ, ನಮಗೆ ರಕ್ತ ಹರಿಯುವುದೂ ನರ, ನೋವು ತಿಳಿಸುವುದೂ ನರ. ಪೋಸ್ಟರಿನಲ್ಲಿ ಇದು ನಡೆಯುವುದಿಲ್ಲ ಅಲ್ವಾ?

ಸದ್ಯಕ್ಕೆ ‘ನಾಳ ಕಟ್ಟಿದ ಲಕ್ವ’, ‘ನಾಳ ಒಡೆದ ಲಕ್ವ’ ಅಂತ ಬರೆದಿದ್ದೇನೆ. ಮೇಲೆ ದಪ್ಪಕ್ಷರದಲ್ಲಿ ‘ಲಕ್ವ ಮೆದುಳಿನ ಕಾಯಿಲೆ’. ಲಕ್ವ ಅನ್ನುವ ಪದ ಬಿಡಲು ನನಗೆ ಮನಸ್ಸಿಲ್ಲ. ‘ರಕ್ತಸ್ರಾವಿ ಪಾರ್ಶ್ವವಾಯು’ ಅಂತ ಬರೆದರೆ ನಮ್ಮೂರಲ್ಲಿ ಅದನ್ನು ಯಾರೂ ನಿಂತು ಓದುವುದಿಲ್ಲ.

ನಿಮ್ಮ ಕಡೆ ಏನನ್ನುತ್ತಾರೆ? ಧಾರವಾಡ, ಕಲಬುರಗಿ, ಕರಾವಳಿಯವರು ದಯವಿಟ್ಟು ತಿಳಿಸಿ. ಇನ್ನೊಂದು ಬಗೆಯೂ ಇದೆ. ಕೈ ಸೋತು, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ದೊಡ್ಡದು ಬರಬಹುದು ಅನ್ನುವ ಸೂಚನೆ ಅದು, ಆಗಲೇ ಆಸ್ಪತ್ರೆಗೆ ಹೋಗಬೇಕು. ಜನ ‘ಜೋಮು ಹಿಡಿದಿತ್ತು’ ಅಂತ ಸುಮ್ನಾಗುತ್ತಾರೆ. ಅದಕ್ಕೆ ‘ಬಂದು ಹೋದ ಲಕ್ವ’ ಅಂದರೆ ಆದೀತಾ?